ಸೀಟಿ ಊದಿದಾಗ ಅವನು ಗಾಳಿಯಲ್ಲಿದ್ದ

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲಿರುವ ನನ್ನ ಸ್ಟುಡಿಯೋದಲ್ಲಿ ಇಷ್ಟು ವರ್ಷ ನಾನು ತೆಗೆದಿರುವುದೆಲ್ಲ ಹೆಚ್ಚುಕಡಿಮೆ ಅಲುಗಾಡದ ಜನರನ್ನೇ. ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಬಂದವರು ಉಸಿರು ಬಿಗಿಹಿಡಿದು ಕೂರುತ್ತಾರೆ. ಮದುವೆ ಮನೆಯಲ್ಲಿ "ಸ್ವಲ್ಪ ತಡೀರಿ ಸ್ವಾಮಿ" ಅಂದರೆ ಪುರೋಹಿತರೂ ಕೈ ತಡೆಯುತ್ತಾರೆ. ಓಡುವವರನ್ನು ತೆಗೆಯುವುದು ನನಗೆ ಬರುವುದಿಲ್ಲ ಎಂದು ಗೊತ್ತಾದದ್ದು ಮೊದಲ ಸಲ ಕಬಡ್ಡಿ ಪಂದ್ಯಕ್ಕೆ ಕ್ಯಾಮೆರಾ ಹಿಡಿದು ಹೋದಾಗ. ನಾನೂರಕ್ಕೂ ಹೆಚ್ಚು ಫೋಟೋ ತೆಗೆದುಕೊಂಡು ಬಂದೆ. ಮುಕ್ಕಾಲು ಪಾಲು ಫೋಟೋಗಳಲ್ಲಿ ಆಟಗಾರರು ಹೊಗೆಯ ಹಾಗಿದ್ದರು. ಹಿಂದೆ ಕಡಲೆಕಾಯಿ ತಿನ್ನುತ್ತ ಕೂತಿದ್ದವರ ಮೀಸೆ ಮಾತ್ರ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿತ್ತು.

ಕೋಲಾರದಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ಅವರೂ ಒಂದು ಕಾಲಕ್ಕೆ ಫೋಟೋಗ್ರಾಫರ್. ಆ ಫೋಟೋಗಳನ್ನು ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು.

"ಒಂದೇ ಬೆರಳಿಗೆ ಎರಡು ಕೆಲಸ ಕೊಟ್ಟಿದ್ದೀಯ ಕಣಯ್ಯ," ಅಂದರು. "ಫೋಕಸ್ಸೂ ಅದೇ ಮಾಡಬೇಕು, ಫೋಟೋನೂ ಅದೇ ತೆಗೀಬೇಕು. ಪ್ರತಿ ಸಲ ಒತ್ತಿದಾಗ್ಲೂ ಕ್ಯಾಮೆರಾ ಮೊದಲಿಂದ ಹುಡುಕುತ್ತೆ. ಅಷ್ಟರಲ್ಲಿ ಯಾರಾದ್ರೂ ಅಡ್ಡ ಬಂದ್ರೆ ಅವರ ಮೇಲೆ ಹೋಗಿ ಕೂತ್ಕೊಳುತ್ತೆ."

ಆಮೇಲೆ ನನ್ನ ಕ್ಯಾಮೆರಾದ ಮೆನುವಿನೊಳಗೆ ಹೋಗಿ ಏನೋ ಬದಲಾಯಿಸಿದರು. ಅಲ್ಲಿಂದ ಮುಂದೆ ಮೇಲಿನ ಬಟನ್ ಒತ್ತಿದರೆ ಫೋಟೋ ಮಾತ್ರ; ಫೋಕಸ್ ಮಾಡುವುದಕ್ಕೆ ಹಿಂಬದಿಯಲ್ಲಿ, ಹೆಬ್ಬೆರಳಿಗೆ ಸಿಗುವ ಪುಟ್ಟ ಬಟನ್. ಹೆಬ್ಬೆರಳು ಒತ್ತಿ ಹಿಡಿದಿರುವ ತನಕ ಓಡುವವನನ್ನು ಕ್ಯಾಮೆರಾ ಹಿಂಬಾಲಿಸುತ್ತಲೇ ಇರುತ್ತದೆ. ಎತ್ತಿದರೆ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ.

"ಹೆಬ್ಬೆರಳು ನೋಡೋದಕ್ಕೆ, ತೋರುಬೆರಳು ತೆಗೆಯೋದಕ್ಕೆ. ಅಡ್ಡ ಯಾರಾದ್ರೂ ಬಂದ್ರೆ ಗಾಬರಿ ಬೀಳಬೇಡ, ಹೆಬ್ಬೆರಳು ಎತ್ತು. ಅವರು ಹೋದ ಮೇಲೆ ಮತ್ತೆ ಒತ್ತು. ಒಂದು ತಿಂಗಳು ಕೈ ಮಾತು ಕೇಳಲ್ಲ, ಬೈಕೊಂಡು ಹಳೇದಕ್ಕೆ ಹೋಗಬೇಡ."

ಅವರು ಹೇಳಿದಂತೆಯೇ ಕೈ ಮಾತು ಕೇಳಲಿಲ್ಲ. ಸ್ಟುಡಿಯೋ ಬಾಗಿಲು ತೆಗೆಯುವ ಮೊದಲು ದಿನಾ ಬೆಳಿಗ್ಗೆ ಕೋಲಾರದ ರಸ್ತೆ ಬದಿಯಲ್ಲಿ ನಿಂತು, ಬರುವ ಮೋಟರ್ ಸೈಕಲ್ಲುಗಳ ಮೇಲೆ, ಹಾಲಿನ ಕ್ಯಾನಿನವರ ಮೇಲೆ, ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ನಾಯಿಗಳ ಮೇಲೆ ಅಭ್ಯಾಸ ಮಾಡಿದೆ. ಅನ್ನ ಸಾರು ಕಲಸುವಾಗಲೂ ನಿಮ್ಮ ಹೆಬ್ಬೆರಳು ಏನನ್ನೋ ಒತ್ತುತ್ತಿರುತ್ತದೆ ಎಂದು ಹೆಂಡತಿ ನಗುತ್ತಿದ್ದಳು. ಎರಡು ತಿಂಗಳ ನಂತರ ಅದು ನನ್ನ ಯೋಚನೆಗೆ ಕಾಯದೆ ತಾನೇ ಕೆಲಸ ಮಾಡತೊಡಗಿತು. ಕೋಲಾರ, ಮಾಲೂರು, ಮುಳಬಾಗಿಲು ಎನ್ನದೆ ಸುತ್ತಲಿನ ಪಂದ್ಯಗಳಿಗೆಲ್ಲ ನನ್ನನ್ನು ಕರೆಯುವವರಾದರು. ಆಟಗಾರರು ತಮ್ಮ ಫೋಟೋವನ್ನು ಮೊಬೈಲಿನ ಮುಖಚಿತ್ರವಾಗಿ ಹಾಕಿಕೊಳ್ಳುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆಯಿತ್ತು. ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೂರು ವರ್ಷದ ಹಿಂದೆ ತಾಯಲೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಪಂದ್ಯ ಇಟ್ಟಿದ್ದರು. ರಾಗಿ ಕೊಯ್ಲು ಮುಗಿದ ಹೊಲವನ್ನು ಉತ್ತು, ನೀರು ಹೊಡೆದು, ಮಣ್ಣು ಹದ ಮಾಡಿ ಅಂಕಣ ಗುರುತು ಹಾಕಿದ್ದರು. ಕೊನೆಯ ಪಂದ್ಯ ನಡೆದದ್ದು ಮಧ್ಯಾಹ್ನ ನಾಲ್ಕರ ಸುಮಾರಿಗೆ. ಒಂದು ಕಡೆ ಮಾಲೂರಿನ ತಂಡ, ಇನ್ನೊಂದು ಕಡೆ ನಮ್ಮ ಶ್ರೀನಿವಾಸಪುರದ ತಂಡ.

ಮಾಲೂರಿನ ತಂಡದಲ್ಲಿ ರೈಡಿಗೆ ಹೋಗುವವನು ಇಪ್ಪತ್ತೇಳು ವರ್ಷದ ಯುವಕ. ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿನ ಕಾರ್ಖಾನೆಗೆ ಹೋಗಿ ಬರುವವನು, ಮದುವೆಯಾಗಿ ಒಂದು ಹೆಣ್ಣು ಮಗು ಇದ್ದವನು. ಅವನ ಕಾಲು ಎಷ್ಟು ಚುರುಕೆಂದರೆ ಅವನನ್ನು ಹಿಡಿದಿಡಲು ನನ್ನ ಹೆಬ್ಬೆರಳಿಗೂ ಕಷ್ಟವಾಗುತ್ತಿತ್ತು. ನಮ್ಮ ತಂಡದಲ್ಲಿ ಮೂಲೆಯಲ್ಲಿ ನಿಂತು ಹಿಡಿಯುವವನು ಅವನಿಗಿಂತ ಮೂರ್ನಾಲ್ಕು ವರ್ಷ ಚಿಕ್ಕವನು. ಮಾವಿನ ಮಂಡಿಯಲ್ಲಿ ಕ್ರೇಟು ಹೊರುವ ಕೆಲಸ. ಗಟ್ಟಿ ಆಳು, ಮಾತು ಕಡಿಮೆ. ನನಗೆ ಅವನ ಪರಿಚಯವಿತ್ತು. ಆ ವರ್ಷ ಮುಳಬಾಗಿಲಿನ ಕಡೆಯ ಹೆಣ್ಣಿನ ಜೊತೆ ಅವನ ನಿಶ್ಚಿತಾರ್ಥವಾಗಿತ್ತು. ಅದರ ಫೋಟೋ ತೆಗೆದವನೂ ನಾನೇ.

ಆಟ ಮುಗಿಯಲು ಕೆಲವೇ ನಿಮಿಷ ಉಳಿದಿತ್ತು. ಅಂಕ ಹತ್ತಿರ ಹತ್ತಿರ ಇದ್ದವು. ಮಾಲೂರಿನವನು ರೈಡಿಗೆ ಬಂದ. ನಾನು ಅಂಕಣದ ಪಕ್ಕದ ಗೆರೆಯಿಂದ ಹತ್ತಡಿ ದೂರದಲ್ಲಿ ಮೊಣಕಾಲೂರಿ ಕೂತಿದ್ದೆ. ಅವನ ಮುಖದ ಮೇಲೆ ಹೆಬ್ಬೆರಳು ಒತ್ತಿದೆ. ಒಬ್ಬ ಅವನ ಪಾದ ಹಿಡಿದ. ಇನ್ನೊಬ್ಬ ಸೊಂಟಕ್ಕೆ ಬಿದ್ದ. ಇಬ್ಬರನ್ನೂ ಎಳೆದುಕೊಂಡೇ ಅವನು ನನ್ನ ಕಡೆಯ ಗೆರೆಗೆ ಹತ್ತಿರವಾದ. ಅಷ್ಟರಲ್ಲಿ ಅಂಪೈರ್ ಓಡಿಬಂದು ನನಗೆ ಅರ್ಧ ಅಡ್ಡವಾಗಿ ನಿಂತರು. ನನ್ನ ಹೆಬ್ಬೆರಳು ತಾನಾಗಿ ಎದ್ದಿತು, ತೋರುಬೆರಳು ಒತ್ತಿಕೊಂಡೇ ಇತ್ತು. ಮೂಲೆಯಿಂದ ನಮ್ಮೂರಿನವನು ಹಾರಿ ಬಿದ್ದ. ನಾಲ್ಕೂ ಜನ ಒಂದು ರಾಶಿಯಾಗಿ ಕುಸಿದರು. ಎಲ್ಲರೂ ಎದ್ದರು, ಅಡಿಯಲ್ಲಿದ್ದವನು ಮಾತ್ರ ಏಳಲಿಲ್ಲ.

ಅವನ ಕಣ್ಣು ತೆರೆದಿದ್ದವು. "ಕಾಲು ಎಲ್ಲೋಯ್ತೋ," ಎಂದು ಕೇಳುತ್ತಿದ್ದ. ತಂಡದವರು ಅವನನ್ನು ಎಬ್ಬಿಸಿ ಕೂರಿಸಲು ನೋಡಿದರು. ಕತ್ತು ಜೋಲಿತು. ಯಾರೋ ಮುಖಕ್ಕೆ ನೀರು ಚಿಮುಕಿಸಿದರು. ಕೈಕಾಲು ಹಿಡಿದೆತ್ತಿ ಒಂದು ಕಾರಿನ ಹಿಂದಿನ ಸೀಟಿಗೆ ಮಡಚಿ ತುಂಬಿದರು. ಹಾಗೆ ಎತ್ತಬಾರದು ಎಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕಾರು ಮುಳಬಾಗಿಲಿನ ರಸ್ತೆಗೆ ಹತ್ತುವವರೆಗೂ ನಾನು ಫೋಟೋ ತೆಗೆಯುತ್ತಲೇ ಇದ್ದೆ.

ಅವತ್ತು ಸಂಜೆ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಆ ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಒಂಬತ್ತು ಫೋಟೋ. ಐದನೆಯದರಲ್ಲಿ ಎಲ್ಲವೂ ಇತ್ತು. ರೈಡರಿನ ಎಡಗಾಲು ಗೆರೆಯಾಚೆ ಹೋಗಿತ್ತು, ಅಂದರೆ ಅವನು ಔಟ್, ಸೀಟಿ ಊದಿದ ಮೇಲೆ ಅವನನ್ನು ಯಾರೂ ಮುಟ್ಟುವಂತಿಲ್ಲ. ಬಲಗಡೆಯ ಅಂಚಿನಲ್ಲಿ, ಸ್ವಲ್ಪ ಮಸುಕಾಗಿ, ಅಂಪೈರಿನ ಎತ್ತಿದ ಕೈ ಮತ್ತು ಸೀಟಿ ಊದಿ ಉಬ್ಬಿದ ಕೆನ್ನೆ. ಅವರ ಹಿಂದೆ, ಕೂದಲೆಳೆಯಷ್ಟೂ ಮಸುಕಿಲ್ಲದೆ, ನಮ್ಮೂರಿನವನು: ಎರಡು ಪಾದವೂ ನೆಲ ಬಿಟ್ಟು ಒಂದಡಿ ಮೇಲಿದ್ದವು. ಸೀಟಿ ಊದಿದಾಗ ಅವನು ಆಗಲೇ ಗಾಳಿಯಲ್ಲಿದ್ದ. ನಾಲ್ಕನೆಯ ಫೋಟೋದಲ್ಲಿ ಅವನು ನೆಲ ಒದ್ದು ಏಳುತ್ತಿದ್ದಾನೆ, ಅಂಪೈರಿನ ಕೈ ಇನ್ನೂ ಕೆಳಗಿದೆ. ಆರನೆಯದರಲ್ಲಿ ಕೆಳಗಿರುವವನ ಮೇಲೆ ಬೀಳದಿರಲೆಂದು ಕೈಯನ್ನು ಪಕ್ಕಕ್ಕೆ ಚಾಚಿದ್ದಾನೆ. ಆ ಕೈ ನೆಲಕ್ಕೆ ಸಿಗಲಿಲ್ಲ.

ಹಳೆಯ ರೀತಿಯಲ್ಲೇ ತೆಗೆದಿದ್ದರೆ ಫೋಕಸ್ ಅಂಪೈರಿನ ಬೆನ್ನಿಗೆ ಹೋಗಿ ಹಿಂದಿನದೆಲ್ಲ ಕಲಸಿಹೋಗಿರುತ್ತಿತ್ತು.

ಮರುದಿನ ಪಂದ್ಯ ಏರ್ಪಡಿಸಿದ್ದವರಲ್ಲಿ ಮುಖ್ಯಸ್ಥರಾದವರು ಫೋನ್ ಮಾಡಿದರು. ಮಾಲೂರಿನವನನ್ನು ಕೋಲಾರದಿಂದ ಬೆಂಗಳೂರಿನ ಆಸ್ಪತ್ರೆಗೆ ಸಾಗಿಸಿದ್ದರು. ಕತ್ತಿನ ಮೂಳೆ ಮುರಿದು ಎದೆಯಿಂದ ಕೆಳಗೆ ಸ್ವಾಧೀನ ಹೋಗಿದೆಯಂತೆ.

"ಅಣ್ಣಾ, ನಿಮ್ಮತ್ರ ಆ ಫೋಟೋ ಇದಾವಾ?"

"ಇದಾವೆ."

"ಯಾರ್ಗೂ ಕೊಡಬೇಡಿ ಅಣ್ಣಾ. ಎರಡು ಊರಿನವರೂ ಕಾದು ಕೂತವ್ರೆ. ನಾವು ಹೆಂಗೋ ಮಾತಾಡಿ ಸರಿ ಮಾಡ್ತಾ ಇದೀವಿ. ಫೋಟೋ ಬಂದ್ರೆ ಮತ್ತೆ ಶುರುವಾಗುತ್ತೆ. ನೀವೂ ಸುಮ್ನೆ ಸಿಕ್ಕಾಕೊಂತೀರ."

"ಆದ್ರೆ ಇದ್ರಲ್ಲಿ..."

"ಏನಾದ್ರೂ ಇರಲಿ ಅಣ್ಣಾ. ಬೇಡ."

ಸರಿ ಅಂದೆ. ಅವರ ಮಾತಿನಲ್ಲಿ ಬೆದರಿಕೆಯೇನೂ ಇರಲಿಲ್ಲ. ಸಿಕ್ಕಿಕೊಳ್ಳುತ್ತೀರ ಎಂಬ ಒಂದು ಮಾತು ಸಾಕಾಗಿತ್ತು ನನಗೆ.

ನನ್ನ ಫೋಟೋ ಹೊರಗೆ ಬರಲಿಲ್ಲ, ಆದರೆ ಒಂದು ವಿಡಿಯೋ ಬಂತು. ಎದುರುಬದಿಯಿಂದ ಯಾರೋ ಮೊಬೈಲಿನಲ್ಲಿ ಹಿಡಿದದ್ದು. ದೂರದ್ದು, ಅಲುಗಾಡುವಂಥದ್ದು. ಅದರಲ್ಲಿ ಸೀಟಿ ಕೇಳಿಸುತ್ತದೆ, ಆಮೇಲೆ ಮೂಲೆಯಲ್ಲಿದ್ದವನು ಬಂದು ಬೀಳುವುದು ಕಾಣಿಸುತ್ತದೆ. ಅವನು ನೆಲ ಬಿಟ್ಟದ್ದು ಯಾವಾಗ ಎಂಬುದು ಮುಂದೆ ನಿಂತವರ ತಲೆಗಳ ಹಿಂದೆ ಮರೆಯಾಗಿದೆ. "ಸೀಟಿ ಊದಿದ ಮೇಲೆ ಕತ್ತಿನ ಮೇಲೆ ಹಾರಿದವನು" ಎಂದು ಬರೆದು ಅದನ್ನು ಮೊಬೈಲಿನಿಂದ ಮೊಬೈಲಿಗೆ ಕಳಿಸಿದರು. ನಾಲ್ಕು ತಾಲ್ಲೂಕಿನಲ್ಲಿ ಅದನ್ನು ನೋಡದವರಿರಲಿಲ್ಲ. ಹೆಣ್ಣಿನ ಕಡೆಯವರು ಉಂಗುರ, ಸೀರೆ ವಾಪಸು ಕಳಿಸಿದರು. ಅವನು ಮಂಡಿಗೆ ಬರುವುದನ್ನು ಬಿಟ್ಟ.

ಎರಡು ತಿಂಗಳಾದ ಮೇಲೆ ಅವನ ತಾಯಿ ನನ್ನ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದರು. ಗಂಡನಿಲ್ಲದ ಹೆಂಗಸು, ಹಿಪ್ಪುನೇರಳೆ ಸೊಪ್ಪು ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಮನೆಮಾತು ತೆಲುಗು. ಬೆಂಚಿನ ತುದಿಯಲ್ಲಿ ಕೂತರು.

"ನಾ ಕೊಡುಕು ಅಟ್ಲಾಂಟೋಡು ಕಾದು," ಅಂದರು. ನನ್ನ ಮಗ ಅಂಥವನಲ್ಲ. ಆಮೇಲೆ ನನಗಾಗಿ ಕನ್ನಡಕ್ಕೆ ತಿರುಗಿದರು. "ಅನ್ನ ಮುಟ್ಟಲ್ಲ ಸಾರ್. ನೀವು ಅಷ್ಟು ಹತ್ರ ಕೂತಿದ್ರಂತೆ. ಅಷ್ಟು ದೊಡ್ಡ ಕ್ಯಾಮೆರಾ. ಏನಾಯ್ತು ಅಂತ ನಿಮಗೆ ಗೊತ್ತಿರುತ್ತಲ್ಲ. ನಾಲ್ಕು ಜನಕ್ಕೆ ಒಂದು ಮಾತು ಹೇಳಿ."

ಐದನೆಯ ಫೋಟೋ ಅವರಿಂದ ಮೂರಡಿ ದೂರದ ಕಂಪ್ಯೂಟರಿನಲ್ಲಿತ್ತು.

"ಅಂಪೈರ್ ಅಡ್ಡ ಬಂದ್ರಮ್ಮ," ಅಂದೆ. "ಫೋಟೋ ಸರಿಯಾಗಿ ಬಂದಿಲ್ಲ. ಎಲ್ಲಾ ಮಸುಕಾಗಿದೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಹೋಗ್ಬರ್ತೀನಿ ಸಾರ್," ಎಂದು ಎದ್ದರು. ಮೆಟ್ಟಿಲು ಕಡಿದಾಗಿದ್ದವು. ಗೋಡೆ ಹಿಡಿದುಕೊಂಡು ಇಳಿದರು.

ಅದಾಗಿ ಹದಿನೈದು ದಿನಕ್ಕೆ, ಏನೋ ಕೆಲಸಕ್ಕೆ ಕೋಲಾರಕ್ಕೆ ಹೋಗಿದ್ದ ಅವರ ಮಗನನ್ನು ಬಸ್ ಸ್ಟ್ಯಾಂಡಿನ ಹಿಂದೆ ಐದಾರು ಜನ ಹಿಡಿದು ಹೊಡೆದರು. ಮಾಲೂರಿನವನ ಮನೆಯವರಲ್ಲ, ವಿಡಿಯೋ ನೋಡಿ ಸಿಟ್ಟಾಗಿದ್ದ ಯಾರೋ. ನೆಲಕ್ಕೆ ಕೆಡವಿ ತಲೆಗೆ ಒದ್ದರಂತೆ. ಎಡಗಿವಿಯಿಂದ ರಕ್ತ ಬಂದು, ಆಮೇಲೆ ಆ ಕಿವಿ ಕೇಳಿಸದಾಯಿತು. ಮಂಡಿಯ ಹತ್ತಿರ ಟೀ ಕುಡಿಯುತ್ತಿದ್ದಾಗ ಯಾರೋ ಈ ವಿಷಯ ಹೇಳಿದರು. ಲೋಟವನ್ನು ಅಲ್ಲೇ ಇಟ್ಟು ಎದ್ದುಬಂದೆ. ಸ್ಟುಡಿಯೋಗೆ ಬಂದು ನಾಲ್ಕನೆಯ, ಐದನೆಯ, ಆರನೆಯ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿದೆ. ಹೆಂಡತಿಗೆ ಅವತ್ತೇ ಎಲ್ಲವನ್ನೂ ಹೇಳಿದ್ದು. ಅವಳು ಐದನೆಯ ಫೋಟೋವನ್ನು ಕೈಗೆತ್ತಿಕೊಂಡಳು.

"ಆಯಮ್ಮ ಬಂದಾಗ ಇದು ಇತ್ತಾ?" ಅಂತ ಮಾತ್ರ ಕೇಳಿದಳು.

ಮೊದಲು ಮಾಲೂರಿಗೆ ಹೋದೆ. ಆ ಹೊತ್ತಿಗೆ ಕತ್ತು ಮುರಿದಿದ್ದವನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ರೈಲ್ವೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಕಬ್ಬಿಣದ ಮಂಚ ಹಾಕಿ ಮಲಗಿಸಿದ್ದರು. ತೊಡೆಗಳು ಸೊರಗಿ ಆ ಜಾಗದಲ್ಲಿ ಹೊದಿಕೆ ತಗ್ಗಿತ್ತು. ಬೆನ್ನಿನ ಹುಣ್ಣಿಗೆ ಹಚ್ಚಿದ ಔಷಧಿಯ ವಾಸನೆ ಬಾಗಿಲವರೆಗೂ ಬರುತ್ತಿತ್ತು. ಅವನ ಹೆಂಡತಿ ಎರಡು ಗಂಟೆಗೊಂದು ಸಲ ಅವನನ್ನು ಮಗ್ಗುಲು ತಿರುಗಿಸಬೇಕಿತ್ತು. ಅದಕ್ಕೆ ಅವಳೊಬ್ಬಳ ಬಲ ಸಾಲದೆ ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು.

ನಾನು ಯಾರೆಂದು ಹೇಳಿದೆ. ಫೋಟೋಗಳನ್ನು ಅವನ ಮುಖದ ಮುಂದೆ ಒಂದೊಂದಾಗಿ ಹಿಡಿದೆ. ಆಟ ಬಲ್ಲವನಿಗೆ ವಿವರಿಸುವ ಅಗತ್ಯವಿರಲಿಲ್ಲ. ಐದನೆಯದನ್ನು ಬಹಳ ಹೊತ್ತು ನೋಡಿದ. ಗೆರೆಯಾಚೆ ಹೋಗಿದ್ದ ತನ್ನ ಕಾಲನ್ನು ನೋಡುತ್ತಿದ್ದನೋ, ಮೇಲಿದ್ದವನನ್ನೋ, ನನಗೆ ತಿಳಿಯಲಿಲ್ಲ.

"ಆಗ್ಲೇ ಗಾಳೀಲವ್ನೆ," ಅಂದ.

"ಹೂಂ."

"ಗಾಳೀಲಿದ್ದೋನು ಹೆಂಗೆ ನಿಲ್ತಾನೆ. ನಾನಾಗಿದ್ರೂ ಬೀಳ್ತಿದ್ದೆ." ಆಮೇಲೆ ಹೆಂಡತಿಯ ಕಡೆ ಕಣ್ಣು ತಿರುಗಿಸಿದ. "ನೋಡೇ, ನಾನು ಹೇಳಿರಲಿಲ್ವಾ."

ಅವಳು ಫೋಟೋವನ್ನು ಮುಟ್ಟಲಿಲ್ಲ. "ಅವನ ತಪ್ಪಲ್ಲ ಅಂದ್ರೆ ಇವರು ಎದ್ದು ಕೂರ್ತಾರಾ?" ಎಂದು ನನ್ನನ್ನೇ ಕೇಳಿದಳು. ಮಗು ಅವಳ ಸೆರಗು ಎಳೆಯುತ್ತಿತ್ತು. ಅದನ್ನೆತ್ತಿಕೊಂಡು ಒಳಗೆ ಹೋದಳು.

"ಅವನನ್ನ ಒಂದ್ಸಲ ಕರ್ಕೊಂಡು ಬನ್ನಿ ಅಣ್ಣಾ," ಅಂದ ಅವನು. "ನಾನು ಹೋಗಕ್ಕಾಗಲ್ಲ."

ಎರಡು ದಿನ ಬಿಟ್ಟು ನಮ್ಮೂರಿನವನನ್ನು ಹುಡುಕಿಕೊಂಡು ಅವನ ಹಳ್ಳಿಗೆ ಹೋದೆ. ಗಡ್ಡ ಬಿಟ್ಟಿದ್ದ. ಇಳಿದುಹೋಗಿದ್ದ. ಮಾಲೂರಿನವನು ಕರೆಯುತ್ತಿದ್ದಾನೆ ಎಂದಾಗ ಹೊಡೆಯುವುದಕ್ಕೆ ಎಂದುಕೊಂಡನೋ ಏನೋ, ಅಂಗಿ ಹಾಕಿಕೊಂಡು ಸುಮ್ಮನೆ ಹೊರಟುಬಿಟ್ಟ. ಕೋಲಾರದ ಬಸ್ಸಿನಲ್ಲಿ ಕೂತ ಮೇಲೆ ಕವರಿನಿಂದ ಫೋಟೋಗಳನ್ನು ತೆಗೆದು ಅವನ ಕೈಗೆ ಕೊಟ್ಟೆ. ಮೊದಲ ಸಲಕ್ಕೆ ಅವನಿಗೆ ಅರ್ಥವಾಗಲಿಲ್ಲ. ತನ್ನ ಪಾದಗಳನ್ನೂ ಅಂಪೈರಿನ ಕೆನ್ನೆಯನ್ನೂ ಬೆರಳಿಟ್ಟು ಮತ್ತೆ ಮತ್ತೆ ನೋಡಿದ. ಅವನಿಗೇ ತನ್ನ ಮೇಲೆ ಅನುಮಾನವಿತ್ತೆಂದು ನನಗೆ ಆಗ ಗೊತ್ತಾಯಿತು. ಅಷ್ಟು ದಿನ ಅಷ್ಟು ಜನ ಹೇಳಿದ್ದನ್ನು ಕೇಳಿ ಕೇಳಿ, ಸೀಟಿ ಕೇಳಿಸಿದ ಮೇಲೂ ಹಾರಿದೆನೇನೋ ಎಂದು ಅವನೂ ನಂಬತೊಡಗಿದ್ದ.

"ಯಾವಾಗ ಸಿಕ್ತು ಅಣ್ಣಾ ಇದು?" ಎಂದು ಕೇಳಿದ.

ಬಸ್ಸಿನ ಸದ್ದಿನಲ್ಲಿ ನಾನು ಹೇಳಿದ್ದು ಕೇಳಿಸದೆ ಬಲಗಿವಿಯನ್ನು ನನ್ನ ಕಡೆ ತಿರುಗಿಸಿದ. ಇನ್ನೊಂದು ಸಲ ಹೇಳಬೇಕಾಯಿತು.

"ಅವತ್ತೇ ಇತ್ತು. ಅವತ್ತು ಸಂಜೇನೇ ನೋಡಿದ್ದೆ. ಹೆದರಿಕೊಂಡು ಸುಮ್ಮನಿದ್ದೆ."

ಅವನು ನನ್ನ ಮುಖ ನೋಡಿದ. ಬೈಯಲಿಲ್ಲ. ಫೋಟೋಗಳನ್ನು ಕವರಿನೊಳಗೆ ಸೇರಿಸಿ, ನನ್ನ ತೊಡೆಯ ಮೇಲಿಟ್ಟು, ಕಿಟಕಿಯ ಕಡೆ ತಿರುಗಿದ. ಕೋಲಾರದಲ್ಲಿ ಬಸ್ ಬದಲಾಯಿಸಿದೆವು.

ಆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದವನು ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟ. ಮಲಗಿದ್ದವನಿಗೆ ಅವನು ಕಾಣುತ್ತಿರಲಿಲ್ಲ.

"ಮೇಲೆ ಕೂತ್ಕೊಳೋ, ಕಾಣಲ್ಲ ನಂಗೆ," ಅಂದ.

ಇವನು ಸ್ಟೂಲಿನ ಮೇಲೆ ಕೂತ. "ಕೈ ಊರಕ್ಕೆ ನೋಡ್ದೆ ಅಣ್ಣಾ," ಅಂದ. "ಸಿಗಲಿಲ್ಲ."

"ನೋಡಿದೀನಿ ಬಿಡು. ಫೋಟೋದಲ್ಲೈತೆ." ಇವನು ಬಲಗಿವಿ ಮುಂದೆ ಮಾಡಿದ್ದನ್ನು ಕಂಡು, "ಕಿವಿಗೇನಾಯ್ತು?" ಎಂದು ಕೇಳಿದ.

"ಏನಿಲ್ಲ. ಒಂದು ಕಡೆ ಕೇಳ್ಸಲ್ಲ, ಅಷ್ಟೇ."

ಅವನ ಹೆಂಡತಿ ಇಬ್ಬರಿಗೂ ಟೀ ತಂದಳು. ಇವನ ಲೋಟವನ್ನು ಕೈಗೆ ಕೊಡಲಿಲ್ಲ, ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮಗ್ಗುಲು ತಿರುಗಿಸುವ ಹೊತ್ತಾದಾಗ ಪಕ್ಕದ ಮನೆಯವರು ಇರಲಿಲ್ಲ. ಇವನು ಎದ್ದು, ಕ್ರೇಟು ಎತ್ತಿ ಅಭ್ಯಾಸವಿದ್ದ ಕೈಗಳನ್ನು ಅವನ ಬೆನ್ನಡಿಗೆ ತೂರಿಸಿ, ಮಗುವನ್ನು ಎತ್ತುವಂತೆ ಎತ್ತಿ ತಿರುಗಿಸಿದ. ಹೆಂಡತಿ ದಿಂಬು ಇಟ್ಟಳು. ಅವಳು ಅವತ್ತು ಇವನ ಜೊತೆ ಆಡಿದ ಮಾತು ಒಂದೇ: "ನಿಧಾನ, ಅಲ್ಲಿ ಹುಣ್ಣೈತೆ."

ಹೊರಡುವ ಮೊದಲು ಮಲಗಿದ್ದವನು ನನ್ನ ಮೊಬೈಲಿನಲ್ಲಿ ವಿಡಿಯೋ ಮಾಡಲು ಹೇಳಿದ. ಆ ಪಂದ್ಯದಲ್ಲಿ ಆದದ್ದು ಆಟದಲ್ಲಿ ಆದದ್ದು, ಇವನು ಬೇಕೆಂದು ಮಾಡಿದ್ದಲ್ಲ, ಇವನ ಮೇಲೆ ಯಾರೂ ಕೈ ಮಾಡಬಾರದು ಎಂದ. ಮಧ್ಯೆ ಉಸಿರು ಸಾಲದೆ ಮೂರು ಸಲ ನಿಲ್ಲಿಸಿದ. ಅದನ್ನೂ ಫೋಟೋಗಳನ್ನೂ ನಾನು ನನಗೆ ಗೊತ್ತಿದ್ದವರಿಗೆಲ್ಲ ಕಳಿಸಿದೆ. ಪಂದ್ಯದ ಮುಖ್ಯಸ್ಥರು ಫೋನ್ ಮಾಡಿ, "ಮೊದಲೇ ಹೇಳಬಾರದಿತ್ತಾ ಅಣ್ಣಾ," ಅಂದರು. ಮೊದಲನೆಯ ವಿಡಿಯೋ ನೋಡಿದವರಲ್ಲಿ ಕಾಲು ಭಾಗದಷ್ಟು ಜನವೂ ಇದನ್ನು ನೋಡಿರಲಿಕ್ಕಿಲ್ಲ. ಮಂಡಿಯಲ್ಲಿ ಅವನಿಗೆ ಮತ್ತೆ ಕೆಲಸ ಸಿಕ್ಕಿತು. ಮುಳಬಾಗಿಲಿನ ಹೆಣ್ಣಿಗೆ ಅಷ್ಟರಲ್ಲಿ ಬೇರೆ ಕಡೆ ಮದುವೆಯಾಗಿತ್ತು.

ಆಮೇಲೆ ಅವನು ಪ್ರತಿ ಭಾನುವಾರ ಮಾಲೂರಿಗೆ ಹೋಗುತ್ತಿದ್ದ ಎಂದು ಕೇಳಿದೆ. ನನ್ನನ್ನು ಕರೆಯಲಿಲ್ಲ. ಏಳು ತಿಂಗಳು ಹಾಗೆ ನಡೆಯಿತು. ಬೆನ್ನಿನ ಹುಣ್ಣಿನ ಕೀವು ರಕ್ತಕ್ಕೆ ಸೇರಿ, ಜ್ವರ ಬಂದು, ನಾಲ್ಕೇ ದಿನದಲ್ಲಿ ಮಾಲೂರಿನವನು ತೀರಿಕೊಂಡ. ನಾನು ಹೋದಾಗ ಹೆಣವನ್ನು ಬಾಗಿಲ ಮುಂದೆ ಇಳಿಸಿದ್ದರು. ನಮ್ಮೂರಿನವನು ಹೆಗಲು ಕೊಡಲು ಮುಂದೆ ಬಂದಾಗ ಸತ್ತವನ ಚಿಕ್ಕಪ್ಪ ಎದೆಗೆ ಕೈಯಿಟ್ಟು ತಡೆದರು. "ನೀನು ಬೇಡಪ್ಪ," ಅಂದರು, ಅಷ್ಟೇ. ಅವನು ಹಿಂದೆ ಸರಿದು, ಎಲ್ಲರಿಗಿಂತ ಕೊನೆಯಲ್ಲಿ ನಡೆದುಕೊಂಡು ಸ್ಮಶಾನದವರೆಗೂ ಬಂದ.

ಈಗಲೂ ಪಂದ್ಯಗಳಿಗೆ ಕರೆ ಬರುತ್ತದೆ. ಕೆಲವಕ್ಕೆ ಹೋಗುತ್ತೇನೆ. ಹೋಗುವುದಿಲ್ಲ ಎಂದು ಹೇಳಿಕೊಂಡರೆ ಚೆನ್ನಾಗಿರುತ್ತಿತ್ತು, ಆದರೆ ಅದು ನಿಜವಲ್ಲ.

ಕಳೆದ ವರ್ಷ ಮಾವಿನ ಸುಗ್ಗಿಯಲ್ಲಿ ನಮ್ಮೂರಿನವನ ತಾಯಿ ಮತ್ತೆ ಸ್ಟುಡಿಯೋಗೆ ಬಂದರು. ಯಾವುದೋ ಅರ್ಜಿಗೆ ಫೋಟೋ ಬೇಕಿತ್ತು. ಜೊತೆಗೆ ಒಂದು ಚೀಲದಲ್ಲಿ ಹಣ್ಣು ತಂದಿದ್ದರು. ಬೇಡವೆಂದರೂ ಮೇಜಿನ ಮೇಲಿಟ್ಟರು. ಮಗ ಹೇಗಿದ್ದಾನೆ ಎಂದು ಕೇಳಿದೆ. ಕಿವಿ ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಹೆಣ್ಣು ನೋಡುತ್ತಿದ್ದೇವೆ, ಒಂದೂ ಕೂಡಿಬರುತ್ತಿಲ್ಲ ಅಂದರು. ಸ್ಟೂಲಿನ ಮೇಲೆ ಕೂತು, ಕೂದಲು ಸರಿಮಾಡಿಕೊಂಡು, ನನ್ನ ಕಡೆ ನೋಡಿದರು.

"ಆ ಫೋಟೋ ಎಲ್ಲಾ ಮಸುಕಾಗಿತ್ತು ಅಂದಿದ್ರಲ್ಲ ಸಾರ್. ಎಷ್ಟೋ ದಿನ ಕೂತು, ಕಷ್ಟಪಟ್ಟು, ಕಂಪ್ಯೂಟರಲ್ಲಿ ಸರಿ ಮಾಡಿದ್ರಂತೆ. ನನ್ನ ಮಗ ಹೇಳಿದ. ಅದಿಲ್ದಿದ್ರೆ ಅವನು ಉಳೀತಿರಲಿಲ್ಲ."

ನಾನು ಕ್ಯಾಮೆರಾ ಎತ್ತಿ ಮುಖಕ್ಕೆ ಹಿಡಿದುಕೊಂಡೆ. ಅವನು ತಾಯಿಗೆ ಹಾಗೆ ಯಾಕೆ ಹೇಳಿದ, ನನ್ನನ್ನು ಉಳಿಸಲೆಂದೋ ಅಥವಾ ಈ ಹೆಂಗಸಿಗೆ ಇನ್ನೊಂದು ನೋವು ಬೇಡವೆಂದೋ, ನಾನು ಅವನನ್ನು ಇಂದಿಗೂ ಕೇಳಿಲ್ಲ. ನಿಜ ಹೇಳುವುದಕ್ಕೆ ಅವತ್ತು ಮತ್ತೊಂದು ಅವಕಾಶವಿತ್ತು.

"ಸ್ವಲ್ಪ ಗದ್ದ ಕೆಳಗಿಳಿಸಿ ಅಮ್ಮ," ಅಂದೆ.

ಅವರು ಇಳಿಸಿದರು. ಎಂಟು ಪ್ರತಿ ಕತ್ತರಿಸಿ ಸಣ್ಣ ಕವರಿನಲ್ಲಿ ಹಾಕಿಕೊಟ್ಟೆ. ಅವರು ಮೆಟ್ಟಿಲು ಇಳಿಯುವಾಗ ಕೈ ಹಿಡಿದುಕೊಂಡು ಕೆಳಗಿನವರೆಗೂ ಹೋದೆ.